ಮಳೆನೀರನ್ನು ಬಾವಿಗೆ ಇಳಿಸುವುದು ಹೇಗೆ?

ಬೀದರ್‌ನಲ್ಲಿ ಹಳೆ ಮನೆ ಕೊಂಡವರು ಮೊದಲು ಹಿತ್ತಲಿನ ಬಾವಿ ಮುಚ್ಚಿಸುತ್ತಾರೆ. ಆಮೇಲೆ ಅದರ ಪಕ್ಕದಲ್ಲೇ ಬೋರ್ ಕೊರೆಸುತ್ತಾರೆ. ಈ ಲೇಖನ ಬಾವಿಯನ್ನು ಇನ್ನೂ ಮುಚ್ಚದವರಿಗೆ.

ನಮ್ಮೂರು ಕೂತಿರುವುದು ಕೆಂಪು ಕಲ್ಲಿನ ದಿಬ್ಬದ ಮೇಲೆ. ಒಂದು ತುಂಡು ಕೈಗೆತ್ತಿಕೊಂಡು ನೋಡಿ, ಮೈತುಂಬ ತೂತು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಮಣ್ಣು, ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ನಾನಕ್ ಝೀರಾ ಗುರುದ್ವಾರದ ಒರತೆ ಬರುವುದು ಹೀಗೆಯೇ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ, ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿದವರಿಗೂ ಇದು ಗೊತ್ತಿತ್ತು. ಈಗ ನಗರಕ್ಕೆ ಕಾರಂಜಾ ಜಲಾಶಯದ ನೀರಿದೆ. ಆದರೆ ಬಡಾವಣೆಗಳು ಹೆಚ್ಚಿದಷ್ಟೂ ಬೇಡಿಕೆ ಹೆಚ್ಚುತ್ತದೆ. ಕೆಂಪು ಕಲ್ಲೆಂಬ ಈ ನೆಲದೊಳಗಿನ ಟ್ಯಾಂಕು ಮಾತ್ರ ಪುಕ್ಕಟೆ, ಕಟ್ಟಿಸುವ ಖರ್ಚೂ ಇಲ್ಲ.

ಮೊದಲು ಲೆಕ್ಕ. ಇಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ನಿಮ್ಮ ಮಾಳಿಗೆ 100 ಚದರ ಮೀಟರ್ ಇದ್ದರೆ ಬೀಳುವ ನೀರು 85,000 ಲೀಟರ್. ಸೋರಿದ್ದು, ಆರಿದ್ದು ಕಳೆದರೂ 68,000 ಲೀಟರ್ ಕೈಗೆ ಸಿಗುತ್ತದೆ. ಅಷ್ಟೂ ನಿಮ್ಮ ಬಾವಿಯಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ಪಕ್ಕದ ಮನೆಯ ಬೋರ್‌ಗೂ ಹೋಗುತ್ತದೆ. ಅವರೂ ಇಳಿಸಿದರೆ ಸರಿಹೋಯಿತು, ಅಲ್ವಾ?

ಇನ್ನು ಬಾವಿ ನೋಡಿ. ಶೌಚದ ಗುಂಡಿ 15 ಮೀಟರ್‌ಗಿಂತ ಹತ್ತಿರ ಇದ್ದರೆ ಆ ನೀರನ್ನು ಕುಡಿಯುವ ಆಸೆ ಬಿಡಿ. ಬಟ್ಟೆ, ಪಾತ್ರೆಗೆ ಆದೀತು. ಹೂಳು ತೆಗೆಸುವಾಗ ಸುಮ್ನೆ ಯಾರನ್ನೂ ಕೆಳಗಿಳಿಸಬೇಡಿ. ಬಹಳ ದಿನ ಮುಚ್ಚಿದ್ದ ಬಾವಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಮೇಲೆ ಬರುವುದಿಲ್ಲ. ಗೊತ್ತಿರುವ ತಂಡದವರೇ ಬರಲಿ. ಬ್ಲೋವರ್‌ನಿಂದ ಗಾಳಿ ಊದಿಸಲಿ, ಸೊಂಟಕ್ಕೆ ಹಗ್ಗ ಕಟ್ಟಲಿ.

ಮಾಳಿಗೆಯಿಂದ 4 ಇಂಚಿನ ಪೈಪ್ ಇಳಿಸಿ, ಬುಡದಲ್ಲಿ ಒಂದು ವಾಲ್ವ್ ಕೂರಿಸಿ. ಮೊದಲ ಮಳೆಯ ನೀರು ಅದರಿಂದ ಹೊರಗೆ ಹರಿದುಹೋಗಬೇಕು. ಧೂಳು, ಪಾರಿವಾಳದ ಹಿಕ್ಕೆ, ಬೇವಿನ ಎಲೆ ಎಲ್ಲಾ ಅದರಲ್ಲೇ ಇರುತ್ತದೆ. ನಾನು ಮೊದಲ ವರ್ಷ ಆಸೆಬುರುಕನ ಹಾಗೆ ರೋಹಿಣಿ ಮಳೆಯ ನೀರನ್ನೂ ಒಳಗೆ ಬಿಟ್ಟೆ. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮನೆಯವರ ಬೈಗುಳ ಬೇರೆ. ಈಗ ರೋಹಿಣಿಯದನ್ನು ಬಿಟ್ಟು ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿಯುತ್ತೇನೆ. ನಡುವೆ ಹತ್ತಾರು ದಿನ ಮಳೆ ನಿಂತರೆ ಮತ್ತೆ ಮೊದಲ 200 ಲೀಟರ್ ಹೊರಗೆ. ಅಂದರೆ ಒಂದು ಡ್ರಮ್ಮು.

ಪೈಪಿನಿಂದ ನೀರು ಸೀದಾ ಬಾವಿಗೆ ಬೀಳಬಾರದು, ನಡುವೆ ಸೋಸುವ ಗುಂಡಿ ಬೇಕು. 3 ಅಡಿ ಉದ್ದ, 3 ಅಡಿ ಅಗಲ, 4 ಅಡಿ ಆಳದ ಇಟ್ಟಿಗೆ ತೊಟ್ಟಿ ಸಾಕು. ತಳದಲ್ಲಿ ಅಂಗೈಗಾತ್ರದ ಕಲ್ಲು, ಅದರ ಮೇಲೆ 20 ಮಿಲಿಮೀಟರ್ ಖಡಿ, ಮೇಲೆ ಒಂದಡಿ ದಪ್ಪ ಉಸುಕು. ಖಡಿಗೂ ಉಸುಕಿಗೂ ನಡುವೆ ನೈಲಾನ್ ಜಾಳಿಗೆ ಹಾಸಿ. ನಾನು ಕಲ್ಲನ್ನು ಮೇಲೆ ಹಾಕಿಸಲು ಹೊರಟಿದ್ದೆ. ಗೌಂಡಿ ನಕ್ಕು, 'ಉಸುಕು ಮ್ಯಾಲೇ ಇರ್ಲಿರಿ ಸರ್, ಹೊಲಸು ಅಲ್ಲೇ ನಿಂದರ್ತದ, ಕೆರದು ತೆಗಿಲಿಕ್ಕ ಹಗುರ ಆಗ್ತದ' ಅಂದ. ಅವನ ಮಾತೇ ಸರಿ. ವರ್ಷಕ್ಕೊಮ್ಮೆ ಮೇಲಿನ ಎರಡು ಇಂಚು ಉಸುಕು ಕೆರೆದು ಹೊಸದು ಹಾಕಿದರೆ ಮುಗಿಯಿತು. ತೊಟ್ಟಿಯ ತಳದಿಂದ ಹೊರಡುವ ಪೈಪನ್ನು ಬಾವಿಯೊಳಗೆ ನೀರಿನ ಮಟ್ಟದ ತನಕ ಇಳಿಸಿ. ಮೇಲಿಂದ ಧಾರೆಯಾಗಿ ಬಿದ್ದರೆ ಕೆಂಪು ಕಲ್ಲಿನ ಗೋಡೆ ಸವೆಯುತ್ತದೆ, ತಳದ ಕೆಸರು ಏಳುತ್ತದೆ. ಬಾವಿಯ ಬಾಯಿಗೆ ಸೊಳ್ಳೆ ಹೋಗದಂಥ ಜಾಲರಿ ಬೇಕೇಬೇಕು.

ಕುಡಿಯುವ ಮೊದಲು ಬ್ಲೀಚಿಂಗ್ ಪೌಡರ್ ಹಾಕಬೇಕು. 1,000 ಲೀಟರ್‌ಗೆ ಒಳ್ಳೆ ಪೌಡರ್ 2.5 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್, ಪೌಡರ್ 70 ಗ್ರಾಂ. ಬಕೆಟ್‌ನಲ್ಲಿ ಕಲಸಿ ಸುಣ್ಣ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ನಾಲ್ಕು ಬಾರಿ ಕುಲುಕಿ. ಒಂದು ತಾಸು ಮುಟ್ಟಬೇಡಿ. ಶೌಚದ ಗುಂಡಿಯಿಂದ ಇಳಿದು ಬರುವ ನೈಟ್ರೇಟ್ ಎಂಬ ಲವಣ ಮಾತ್ರ ಪೌಡರಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ.

ಕಲಬುರಗಿ, ಯಾದಗಿರಿಯ ಕರಿಮಣ್ಣಿನವರಿಗೆ ಒಂದು ಮಾತು. ಎರೆಮಣ್ಣು ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿ ಬರೀ ಗುಂಡಿ ತೋಡಿ ನೀರು ನಿಲ್ಲಿಸಿದರೆ ಇಳಿಯುವುದಿಲ್ಲ, ಸೊಳ್ಳೆ ಸಾಕಿದಂತೆ. ಅಲ್ಲೂ ಬಾವಿ ಇದ್ದವರೇ ಪುಣ್ಯವಂತರು.

ಕೊನೆಗೆ ಒಂದು ಹಗ್ಗ. ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ತಿಂಗಳ ಮೊದಲ ದಿನ ಬಾವಿಗೆ ಬಿಡಿ. ಎಷ್ಟನೇ ಗಂಟಿನವರೆಗೆ ಹಗ್ಗ ಒದ್ದೆ ಅನ್ನುವುದನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನಮ್ಮಲ್ಲಿ ಮಳೆನೀರು ಇಳಿಸುವ ಮೊದಲು ಏಪ್ರಿಲ್‌ನಲ್ಲಿ ಕಲ್ಲು ಠಣ್ ಅಂತ ತಳಕ್ಕೆ ಬಡಿಯುತ್ತಿತ್ತು. ಹೋದ ಏಪ್ರಿಲ್‌ನಲ್ಲಿ ಐದು ಗಂಟು ಒದ್ದೆ.