ತೋಟದ ಜೇಬಿಗೊಂದು ಮಡಚುವ ಚಾಕು

ತೋಟಕ್ಕಿಳಿಯುವವರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ದಿನದಲ್ಲಿ ಬರುವ ಸಣ್ಣಪುಟ್ಟ ಕೊಯ್ಯುವ ಕೆಲಸಕ್ಕೆ ಕತ್ತಿ ದೊಡ್ಡದಾಯಿತು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, 16 ಎಂಎಂ ಡ್ರಿಪ್ ಪೈಪ್ ತುಂಡು ಮಾಡಬೇಕು, ಮೆಣಸಿನ ಬಳ್ಳಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ ಬಿಡಿಸಬೇಕು, ಪಂಪ್‌ಸೆಟ್ಟಿನ ವೈರ್ ಸುಲಿಯಬೇಕು, ನಡುವೆ ಒಂದು ಮಾವಿನಹಣ್ಣನ್ನೂ ಹೆಚ್ಚಬೇಕು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಈ ಕೆಲಸಗಳನ್ನೂ ಇಲ್ಲಿನ ಮಳೆಯನ್ನೂ ಎದುರಿಗಿಟ್ಟುಕೊಂಡೇ ನಾನು ಚಾಕು ಹುಡುಕಿದ್ದು.

ಮೊದಲು ನೋಡಿದ್ದು ಅಲಗಿನ ದಪ್ಪ. ಕಪ್ಪು ಬಣ್ಣ ಬಳಿದು, ಅರ್ಧಕ್ಕೆ ಗರಗಸದ ಹಲ್ಲು ಕೊಟ್ಟು, ಸಿನಿಮಾ ಖಳನಾಯಕನ ಕೈಗೆ ಹೇಳಿ ಮಾಡಿಸಿದಂತಿರುವ ಚಾಕುಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ಬೆನ್ನು ಮೂರೂವರೆ, ನಾಲ್ಕು ಮಿಲಿಮೀಟರ್. ಅಂಥದ್ದು ಎಷ್ಟೇ ಹರಿತವಿದ್ದರೂ ಮಾವಿನಕಾಯಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ. ಡ್ರಿಪ್ ಪೈಪನ್ನು ಮೊದಲು ಚಪ್ಪಟೆ ಮಾಡಿ ಆಮೇಲೆ ಓರೆಯಾಗಿ ಕೊಯ್ಯುತ್ತದೆ. ಓರೆ ಬಾಯಿಗೆ ಜಾಯಿನರ್ ಸರಿಯಾಗಿ ಕೂರದೆ ನೀರು ಸೋರುತ್ತದೆ. ತೆಳು ಅಲಗಾದರೆ ಪೈಪನ್ನು ಸ್ವಲ್ಪ ಬಗ್ಗಿಸಿ ಹಿಡಿದು ಒಮ್ಮೆ ಎಳೆದರೆ ಸಾಕು, ನೇರ ತುಂಡು. ಎರಡೂವರೆ ಮಿಲಿಮೀಟರಿಗಿಂತ ದಪ್ಪದ್ದನ್ನು ನಾನು ಕೈಗೇ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಉಕ್ಕು. ಕಾರ್ಬನ್ ಸ್ಟೀಲಿಗೆ ಹರಿತ ಬೇಗ ಬರುತ್ತದೆ ಎಂದು ಅದನ್ನೇ ಹೊಗಳುವವರಿದ್ದಾರೆ. ನಿಜವೇ. ಆದರೆ ಹಸಿ ಅಡಿಕೆಯನ್ನು ಅದರಲ್ಲಿ ಎರಡು ಹೋಳು ಮಾಡಿ ನೋಡಿ. ಚೊಗರು ತಗುಲಿದಲ್ಲೆಲ್ಲ ಅಲಗು ನೋಡುನೋಡುತ್ತಲೇ ನೀಲಿಗಪ್ಪಾಗುತ್ತದೆ. ಅದು ತುಕ್ಕಲ್ಲ, ಅಡಿಕೆಯ ಟ್ಯಾನಿನ್ನೂ ಕಬ್ಬಿಣವೂ ಸೇರಿ ಆಗುವ ಬಣ್ಣ. ಹಳೆಯ ಕಾಲದ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೆಯೇ. ಚಾಕುವಿಗೇನೂ ಹಾನಿಯಿಲ್ಲ, ಆದರೆ ಅದರಲ್ಲಿ ಹೆಚ್ಚಿದ ಹಣ್ಣಿಗೆ ಕಬ್ಬಿಣದ ವಾಸನೆ. ಮಳೆಗಾಲದಲ್ಲಿ ನಿಜವಾದ ತುಕ್ಕೂ ಬಿಡುವುದಿಲ್ಲ. ಡಿ2 ಎಂಬ ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಮಲೆನಾಡಿಗೆ ಸ್ಟೇನ್‌ಲೆಸ್ಸೇ ಸರಿ.

ನನಗೆ ಮನಸ್ಸಿಗೆ ಹಿಡಿಸಿದ್ದು ಫ್ರಾನ್ಸಿನ ಒಪಿನೆಲ್, 8ನೇ ನಂಬರ್. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಅಲಗು, ದಪ್ಪ ಎರಡು ಮಿಲಿಮೀಟರೂ ಇಲ್ಲ. ಕುತ್ತಿಗೆಯಲ್ಲಿರುವ ಉಂಗುರ ತಿರುಗಿಸಿದರೆ ಅಲಗು ಮಡಚಿಕೊಳ್ಳದಂತೆ ಬಿಗಿಯಾಗುತ್ತದೆ. 1955ರಿಂದ ಇರುವ ಏರ್ಪಾಡು, ಕೆಡಲು ಅದರಲ್ಲಿ ಏನೂ ಇಲ್ಲ. ತೊಂದರೆ ಆಷಾಢದಲ್ಲಿ. ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿದುಬಿಡುತ್ತದೆ. ಉಗುರು ಕಿತ್ತುಬಂದರೂ ಚಾಕು ಬಿಚ್ಚುವುದಿಲ್ಲ. ಉಂಗುರ ಸಡಿಲಿಸಿ ಹಿಡಿಯ ಹಿಂತುದಿಯನ್ನು ಕಲ್ಲಿಗೆ ಕುಟ್ಟಿದರೆ ಅಲಗು ತುಸು ಹೊರಗೆ ಇಣುಕುತ್ತದೆ, ಆಗ ಎಳೆದುಕೊಳ್ಳಬೇಕು. ಅಗಸೆ ಎಣ್ಣೆ ಕುಡಿಸಿದೆ. ಉಬ್ಬುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಹಾಗಾಗಿ ಮಳೆಗಾಲಕ್ಕೆ ವಿಕ್ಟೋರಿನಾಕ್ಸ್ ಪಯನಿಯರ್, ಅಲಗಿನ ಜತೆಗೆ ಬೇರೆ ಸಣ್ಣ ಸಲಕರಣೆಗಳೂ ಹಿಡಿಯೊಳಗೆ ಮಡಚಿಕೊಳ್ಳುವ ಸ್ವಿಸ್ ಚಾಕು. ಅಲ್ಯೂಮಿನಿಯಂ ಹಿಡಿ, ಕೆಸರಾದರೆ ತೊಟ್ಟಿಯಲ್ಲಿ ಅದ್ದಿ ತೊಳೆದರಾಯಿತು. ಇದಕ್ಕೆ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಎಳೆದು ಕೊಯ್ಯುವಾಗ ಅಷ್ಟು ಸಾಕು, ಮೊನೆ ಚುಚ್ಚಿ ಒತ್ತುವ ಕೆಲಸ ಬೇಡ. ಚೀಲಕ್ಕೆ ತೂತು ಹಾಕಲು ಬೇರೆ ದಬ್ಬಣವೇ ಇದೆ. ಬಾಟಲ್ ಓಪನರಿನ ತುದಿ ಸ್ಕ್ರೂಡ್ರೈವರ್ ಆಗುತ್ತದೆ. ಇದು ದೊಡ್ಡ ಲಾಭ, ಯಾಕೆಂದರೆ ಪಕ್ಕದ ತೋಟದವರು “ಒಂದ್ನಿಮಿಷ ಚಾಕು ಕೊಡಿ ಮಾರಾಯ್ರೆ” ಎಂದರೆ ಅವರಿಗೆ ಬೇಕಾಗಿರುವುದು ಸ್ಟಾರ್ಟರ್ ಬಾಕ್ಸಿನ ಸ್ಕ್ರೂ ತಿರುಗಿಸಲು. ಅದನ್ನೇ ಬಿಚ್ಚಿ ಕೈಗೆ ಕೊಡುತ್ತೇನೆ, ಅಲಗಿನ ಮೊನೆ ಉಳಿಯುತ್ತದೆ.

ಲೈನರ್ ಲಾಕ್, ಅಂದರೆ ಬಿಚ್ಚಿದ ಅಲಗು ಮಡಚದಂತೆ ಹಿಡಿಯೊಳಗಿನ ತಗಡೊಂದು ತಡೆಯುವ ಏರ್ಪಾಡು, ಇರುವುದನ್ನೇ ಕೊಳ್ಳುವವರು ಅಂಗಡಿಯಲ್ಲೇ ಬಿಚ್ಚಿ ನೋಡಿ. ಒಳಗಿನ ತಗಡು ಅಲಗಿನ ಬುಡಕ್ಕೆ ಚೆನ್ನಾಗಿ ಆತು ಕೂತಿರಬೇಕು. ಮೇಲೆ ಕೆಳಗೆ ಅಲುಗಾಡಿಸಿದರೆ ಅಲಗು ಮಿಸುಕಬಾರದು. ಆ ಸಂದಿಗೆ ಒಣಗಿದ ಕೆಸರು ಸೇರಿದರೆ ತಗಡು ಪೂರ್ತಿ ಬಂದು ಕೂರುವುದಿಲ್ಲ, ಬೆರಳಿಗೆ ಅಪಾಯ.

ಮೆಣಸಿಗೆ ಹಿಪ್ಪಲಿ ಬುಡದ ಮೇಲೆ ಕಸಿ ಕಟ್ಟುವಾಗ ಜೇಬಿನ ಚಾಕು ಮುಟ್ಟುವುದಿಲ್ಲ. ಅದಕ್ಕೆ ಒಂದೇ ಮಗ್ಗುಲು ಮಸೆದ ಕಸಿ ಚಾಕು ಬೇರೆ ಇದೆ. ಪೈಪು, ಚೀಲ ಕೊಯ್ದ ಅಲಗು ಗಿಡದ ಗಾಯಕ್ಕೆ ಒಳ್ಳೆಯದಲ್ಲ.

ಪಯನಿಯರಿನ ಉಕ್ಕು ಮೆದು, ಬೇಗ ಮೊಂಡಾಗುತ್ತದೆ, ಬೇಗ ಸರಿಯೂ ಹೋಗುತ್ತದೆ. ಸಾಣೆಕಲ್ಲಿಗೆ ಅಲಗನ್ನು ಸುಮಾರು 20 ಡಿಗ್ರಿ ಓರೆಯಿಟ್ಟು ಎರಡೂ ಮಗ್ಗುಲು ಮಸೆದು, ಹಳೆಯ ಬೆಲ್ಟಿನ ಹಿಂಬದಿಗೆ ಉಜ್ಜುತ್ತೇನೆ. ಕಲ್ಲು ಸಿಗದಾಗ ಪಿಂಗಾಣಿ ಲೋಟದ ತಳದಲ್ಲಿ ಹೊಳಪಿಲ್ಲದ ಒರಟು ಅಂಚಿರುತ್ತದಲ್ಲ, ಅದೂ ಆದೀತು. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಬೇಡ.

ಕಾನೂನಿನ ಮಾತು: 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ, ಮನೆಗೆಲಸ, ಬೇಸಾಯಕ್ಕೆಂದು ಮಾಡಿದವನ್ನು ಬಿಟ್ಟು. ದೆಹಲಿಯಲ್ಲಿ ಮಡಚುವ ಚಾಕುಗಳ ಮೇಲೆ ಇದಕ್ಕಿಂತ ಬಿಗಿಯಾದ ಅಧಿಸೂಚನೆಯೇ ಇದೆ. ವಿಮಾನದಲ್ಲಿ ಕೈಚೀಲಕ್ಕೆ ಚಾಕು ಹಾಕುವಂತಿಲ್ಲ, ಚೆಕ್-ಇನ್ ಲಗೇಜಿಗೆ ಹಾಕಬೇಕು. ಬೆಂಗಳೂರಿಗೆ ಹೊರಟರೆ ಮೆಟ್ರೋ ತಪಾಸಣೆಯವರ ಜತೆ ವಾದ ಯಾಕೆಂದು ನಾನು ಚಾಕುವನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.