ಎಕ್ಸ್‌ಪಲ್ಸ್ ಇಳಿದು ಕ್ರೂಸರ್ ಹತ್ತಿದಾಗ: ಚಿಕ್ಕಬಳ್ಳಾಪುರದ ರಸ್ತೆಗಳಲ್ಲಿ ನನ್ನ ಅನುಭವ

ಕ್ರೂಸರ್, ಅಂದರೆ ತಗ್ಗು ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂರುವ ಬೈಕ್, ಹತ್ತಿದ ಕೂಡಲೇ ಮೊದಲು ತಬ್ಬಿಬ್ಬಾಗುವುದು ಕಾಲು. ಮಾಮೂಲಿ ಜಾಗದಲ್ಲಿ ಫುಟ್‌ರೆಸ್ಟ್ ಇರುತ್ತೆ ಅಂತ ಕಾಲು ಎತ್ತಿ ಇಟ್ಟರೆ ಅಲ್ಲಿ ಏನೂ ಇಲ್ಲ, ಅದು ಇನ್ನೂ ಮುಂದೆ ಇರುತ್ತದೆ. ಬ್ರೇಕ್ ಪೆಡಲ್ಲೂ ಅಷ್ಟೇ. ಬೆರಳ ತುದಿಯಿಂದ ಎತ್ತಿ ಎತ್ತಿ ಗೇರ್ ಹಾಕಿ ರೂಢಿಯಾದವನಿಗೆ ಹಿಮ್ಮಡಿಯಲ್ಲಿ ಒತ್ತಿ ಮೇಲಿನ ಗೇರ್ ಹಾಕುವ ಲಿವರ್ ಸಿಕ್ಕರೆ ಸ್ವಲ್ಪ ಹೊತ್ತು ತಮಾಷೆ ಅನ್ನಿಸುತ್ತದೆ, ಆಮೇಲೆ ಶೂ ಮೇಲ್ಭಾಗ ಸವೆಯೋದಿಲ್ಲವಲ್ಲ ಅಂತ ಖುಷಿಯೂ ಆಗುತ್ತದೆ.

ನನ್ನದು ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ, ಮಣ್ಣಿನ ದಾರಿಗೂ ಒಗ್ಗುವ ಎತ್ತರದ ಬೈಕ್. ತೋಟಗಳಿಗೆ ಹನಿ ನೀರಾವರಿ ಹಾಕಿಸುವ ಕೆಲಸ ನನ್ನದು, ಹಾಗಾಗಿ ದ್ರಾಕ್ಷಿ ತೋಟದ ಬದು, ಕೆರೆ ಏರಿ, ಬೋರ್‌ವೆಲ್ ಲಾರಿ ಹೋಗಿ ಗುಂಡಿ ಬಿದ್ದ ಮಣ್ಣಿನ ದಾರಿ, ಇವೇ ನನ್ನ ದಿನದ ರಸ್ತೆ. ನಮ್ಮ ಭಾವ ಕೆಲಸದ ಮೇಲೆ ಹೊರಗೆ ಹೋಗುವಾಗ ತಮ್ಮ ಕ್ರೂಸರ್, ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350, ನಮ್ಮ ಮನೆಯಲ್ಲಿ ಬಿಟ್ಟು ಹೋದರು. "ಸುಮ್ನೆ ನಿಲ್ಲಿಸಬೇಡ ಕಣೋ, ಬ್ಯಾಟರಿ ಇಳಿದುಹೋಗುತ್ತೆ, ಓಡಿಸ್ತಾ ಇರು" ಅಂದರು. ಅಷ್ಟು ಹೇಳಿದ ಮೇಲೆ ಬಿಡೋಕಾಗುತ್ತಾ?

ಕಾಗದದ ಮೇಲೆ ನೋಡಿದರೆ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನನ್ನ ಗಾಡಿಯ ಸೀಟು 825 ಮಿಲಿಮೀಟರ್ ಎತ್ತರ, ಅದರದು 765. ತೂಕ ನನ್ನದು 160 ಕೆಜಿಯ ಒಳಗೆ, ಅದು 191. ಆ ಮೂವತ್ತು ಚಿಲ್ಲರೆ ಕೆಜಿ ಓಡುವಾಗ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಭಾರವೆಲ್ಲ ಕೆಳಗಿದೆ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ. ಗೊತ್ತಾಗುವುದು ಮನೆಯಂಗಳದ ಇಳಿಜಾರಿನಿಂದ ಹಿಂದಕ್ಕೆ ತಳ್ಳಿ ರಸ್ತೆಗೆ ತರುವಾಗ. ನಾನು ಈಗ ರಾತ್ರಿಯೇ ಮುಖ ಹೊರಗೆ ಮಾಡಿ ನಿಲ್ಲಿಸುತ್ತೇನೆ.

ಮೊದಲು ಹೈವೇಗೆ ಬಿಟ್ಟೆ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆ ಹೋಗುವ 44ನೇ ನಂಬರ್ ಹೆದ್ದಾರಿ ಇಂಥ ಗಾಡಿಗೆ ಹೇಳಿ ಮಾಡಿಸಿದ್ದು. ನೇರ ರಸ್ತೆ, ಎರಡೂ ಕಡೆ ಬಂಡೆಗುಡ್ಡ, ಬೈಕಿಗೆ ಟೋಲೂ ಇಲ್ಲ. ಎಕ್ಸ್‌ಪಲ್ಸ್‌ನಲ್ಲಿ ನಾನು ಓವರ್‌ಟೇಕ್ ಮಾಡಬೇಕಾದರೆ ಒಂದು ಗೇರ್ ಇಳಿಸಿ ಇಂಜಿನ್ ಚೆನ್ನಾಗಿ ಏರಿಸಬೇಕು, ಅದರ 17.35 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದೇ ಇಂಜಿನ್ ನಿಮಿಷಕ್ಕೆ 6500 ಸುತ್ತು (ಆರ್‌ಪಿಎಂ) ತಿರುಗುವಾಗ. ಮೀಟಿಯಾರ್‌ನಲ್ಲಿ 27 ನ್ಯೂಟನ್ ಮೀಟರ್, ಅದೂ 4000ಕ್ಕೇ. ಅಂದರೆ ಐದನೇ ಗೇರ್‌ನಲ್ಲೇ ಇದ್ದು ಸ್ವಲ್ಪ ತಿರುವಿದರೆ ಸಾಕು, ಅದರ ಪಾಡಿಗೆ ಅದು ಎಳೆದುಕೊಂಡು ಹೋಗುತ್ತದೆ. ಮೊದಮೊದಲು ನಾನು ಹಳೇ ಅಭ್ಯಾಸದಂತೆ ಗೇರ್ ಇಳಿಸಿ ಇಳಿಸಿ ಓಡಿಸುತ್ತಿದ್ದೆ, ಇಂಜಿನ್ ಸುಮ್ನೆ ಕಿರುಚುತ್ತಿತ್ತೇ ಹೊರತು ಅದರಿಂದ ಲಾಭವೇನೂ ಇರಲಿಲ್ಲ. ಎಂಬತ್ತರಲ್ಲಿ ಹಿಡಿದು ಕೂತರೆ ಪೇರೇಸಂದ್ರ ಬಂದದ್ದೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕಂಟೇನರ್ ಲಾರಿ ಹಾದುಹೋದಾಗ ನನ್ನ ಗಾಡಿ ಒಮ್ಮೆ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಇದು ಕದಲುವುದೇ ಇಲ್ಲ.

ಆದರೆ ಗಾಳಿ ಇದೆಯಲ್ಲ, ಅದು ನೇರ ಎದೆಗೆ. ಕಾಲು ಮುಂದೆ, ಬೆನ್ನು ನೇರ, ಕೈ ಚಾಚಿ ಹ್ಯಾಂಡಲ್ ಹಿಡಿದು ಕೂತಾಗ ನಾವೇ ಹಾಯಿ ಕಟ್ಟಿದ ದೋಣಿ. ಜೊತೆಗೆ ನನ್ನ ಹೆಲ್ಮೆಟ್ ಮುಂದೆ ಉದ್ದನೆಯ ಪೀಕ್ ಇರುವಂಥದ್ದು. ಮಣ್ಣಿನ ದಾರಿಯಲ್ಲಿ ಬಿಸಿಲು, ಕೊಂಬೆ ಎರಡಕ್ಕೂ ಅದು ಬೇಕು, ಹೈವೇಯಲ್ಲಿ ಕತ್ತನ್ನೇ ಹಿಂದಕ್ಕೆ ಎಳೆಯುತ್ತದೆ. ಸ್ಕ್ರೂ ಬಿಚ್ಚಿ ಪೀಕ್ ತೆಗೆದ ಮೇಲೆ ಕತ್ತು ನೋವು ಅರ್ಧ ಇಳಿಯಿತು. ಕ್ರೂಸರ್ ಟ್ರೈ ಮಾಡುವವರು ಇದನ್ನು ಮೊದಲೇ ಮಾಡಿಬಿಡಿ, ಐದು ನಿಮಿಷದ ಕೆಲಸ.

ಈಗ ನಿಜವಾದ ವಿಷಯ, ಹಂಪು. ಪೇರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಗುಡಿಬಂಡೆ ಕಡೆ ತಿರುಗಿದರೆ ಊರೂರಿಗೂ ಹಂಪು, ಕೆಲವಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಎಕ್ಸ್‌ಪಲ್ಸ್‌ನಲ್ಲಿ ಹಂಪು ಕಂಡರೆ ನಾನು ಯೋಚನೆಯನ್ನೇ ಮಾಡುವುದಿಲ್ಲ. ಫುಟ್‌ರೆಸ್ಟ್ ಸರಿಯಾಗಿ ಸೊಂಟದ ಕೆಳಗಿರುವುದರಿಂದ ಸ್ವಲ್ಪ ಎದ್ದು ನಿಲ್ಲುತ್ತೇನೆ, ಮೊಣಕಾಲು ಮಡಿಸುತ್ತೇನೆ, ಗಾಡಿ ಕೆಳಗೆ ಏರಿ ಇಳಿಯುತ್ತದೆ, ನನಗೆ ಏನೂ ತಾಗುವುದಿಲ್ಲ. ಮುಂದಿನ ಶಾಕ್‌ಗೆ ಮೇಲೆ ಕೆಳಗೆ ಆಡಲು 190 ಮಿಲಿಮೀಟರ್ ಆಟ ಇದೆ, 21 ಇಂಚಿನ ಚಕ್ರ ಇದೆ, ಅವುಗಳ ಮೇಲೆ ನನ್ನ ಎರಡು ಕಾಲೂ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ಕ್ರೂಸರ್‌ನಲ್ಲಿ ಕಾಲು ಮುಂದಿರುವಾಗ ಎದ್ದೇಳಬೇಕಾದರೆ ಹ್ಯಾಂಡಲ್ ಹಿಡಿದು ಮೈ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಹಂಪು ಮುಗಿದಿರುತ್ತದೆ. ಏಟೆಲ್ಲ ಹಿಂದಿನ ಶಾಕ್ ತಿಂದು ಮಿಕ್ಕಿದ್ದು ನೇರವಾಗಿ ನಮ್ಮ ಬೆನ್ನುಮೂಳೆಗೆ. ಮುಂದಿನ ಶಾಕ್‌ನ ಆಟವೂ 130 ಮಿಲಿಮೀಟರ್ ಮಾತ್ರ, ನೆಲದಿಂದ ಎತ್ತರ 170. ಹಿಂದೆ ಹೆಂಡತಿ ಕೂತಿದ್ದಾಗ ಒಂದು ಚೂಪು ಹಂಪಿನಲ್ಲಿ ಗಾಡಿಯ ಹೊಟ್ಟೆ ಉಜ್ಜಿದ ಸದ್ದು ಇಬ್ಬರಿಗೂ ಕೇಳಿಸಿತು.

ಹಾಗಾಗಿ ಓಡಿಸುವ ರೀತಿಯನ್ನೇ ಬದಲಿಸಬೇಕಾಯಿತು. ಕಣ್ಣು ದೂರ ಇಡಬೇಕು. ಹಂಪಿಗೆ ಮುಂಚೆಯೇ ವೇಗ ಪೂರ್ತಿ ಇಳಿಸಿ, ಹಂಪಿನ ಮೇಲೆ ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಮುಂದಿನ ಶಾಕ್ ಆಗಲೇ ಅದುಮಿಕೊಂಡಿರುತ್ತದೆ, ಇರುವ ಅಷ್ಟಿಷ್ಟು ಆಟವೂ ಹೋಗಿರುತ್ತದೆ. ಗುಂಡಿಗೂ ಇದೇ ಮಾತು. ಎಕ್ಸ್‌ಪಲ್ಸ್‌ನಲ್ಲಿ ಗುಂಡಿಯ ಮೇಲೆಯೇ ಹೋಗುತ್ತಿದ್ದವನು ಈಗ ಸುತ್ತು ಹಾಕುತ್ತೇನೆ. ತಪ್ಪಿಸಲು ಆಗದಿದ್ದರೆ ಪಾದ ಒತ್ತಿ ಸೀಟಿನಿಂದ ಒಂದಿಷ್ಟು ಭಾರ ಕಡಿಮೆ ಮಾಡುತ್ತೇನೆ, ಅಷ್ಟಕ್ಕೇ ಸೊಂಟ ಥ್ಯಾಂಕ್ಸ್ ಹೇಳುತ್ತದೆ.

ಜಲ್ಲಿ ಇನ್ನೊಂದು ಕಥೆ. ನಮ್ಮ ಕಡೆ ಕ್ರಷರ್‌ಗಳು ಜಾಸ್ತಿ, ಟಿಪ್ಪರ್‌ಗಳಿಂದ ತಿರುವಿನಲ್ಲೇ ಜಲ್ಲಿ ಪುಡಿ ಚೆಲ್ಲಿರುತ್ತದೆ. ನನ್ನ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಹಿಂದಿನದನ್ನು ಬೇಕೆಂದರೆ ಲಾಕ್ ಮಾಡಿ ಸ್ವಲ್ಪ ಜಾರಿಸಬಹುದು, ಅದೊಂದು ಆಟ. ಭಾವನ ಗಾಡಿಯಲ್ಲಿ ಎರಡೂ ಚಕ್ರಕ್ಕೆ ಎಬಿಎಸ್. ಡಾಂಬರಿನ ಮೇಲೆ, ಅದರಲ್ಲೂ ಮಳೆಯಲ್ಲಿ, ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇಳಿಜಾರಿನ ಮಣ್ಣಿನಲ್ಲಿ ಹಿಂದಿನ ಬ್ರೇಕ್ ತುಳಿದರೆ ಪೆಡಲ್ ಟಕಟಕ ಅಂತ ಪಾದವನ್ನು ವಾಪಸ್ ಒದೆಯುತ್ತದೆ, ಚಕ್ರ ಹಿಡಿದು ಬಿಟ್ಟು ಮಾಡುತ್ತಾ ಹೋಗುತ್ತದೆ, ಗಾಡಿ ನೀವು ಅಂದುಕೊಂಡ ಜಾಗ ದಾಟಿಯೇ ನಿಲ್ಲುವುದು. ಗುಡಿಬಂಡೆಯ ಅಮಾನಿ ಭೈರಸಾಗರ ಕೆರೆಯ ಹತ್ತಿರದ ಮಣ್ಣು ದಾರಿಗೆ ಇಳಿಸಿದಾಗ ಇದು ಅರ್ಥವಾಯಿತು. ಅಲ್ಲಿ ಮೊದಲನೇ ಗೇರ್‌ನಲ್ಲಿ ಇಂಜಿನ್ ಹಿಡಿತದ ಮೇಲೆಯೇ ಇಳಿಯುವುದು ಸರಿ. ಈಗ ಸೈಟಿಗೆ ಹೋಗಬೇಕೆಂದರೆ ಆ ಗಾಡಿ ಮುಟ್ಟುವುದಿಲ್ಲ, ವಾದವೇ ಇಲ್ಲ.

ಯೂ ಟರ್ನ್ ಬಗ್ಗೆ ಒಂದು ಮಾತು. ಮಣ್ಣಿನಲ್ಲಿ ನಾವು ಹೊರಗಿನ ಫುಟ್‌ರೆಸ್ಟ್ ತುಳಿದು, ಗಾಡಿಯನ್ನು ಒಳಕ್ಕೆ ಮಲಗಿಸಿ, ಮೈ ನೇರ ಇಟ್ಟು ತಿರುಗಿಸುತ್ತೇವೆ. ಕ್ರೂಸರ್‌ನಲ್ಲಿ ಆ ತುಳಿತ ಸಿಗುವುದಿಲ್ಲ, ಜಾಸ್ತಿ ಮಲಗಿಸಿದರೆ ಫುಟ್‌ರೆಸ್ಟ್ ತುದಿ ರಸ್ತೆಗೆ ಉಜ್ಜುತ್ತದೆ. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಲೈಟಾಗಿ ಒತ್ತಿ, ಹೋಗಬೇಕಾದ ಕಡೆಗೆ ತಲೆ ಪೂರ್ತಿ ತಿರುಗಿಸಿದರೆ ಆರಾಮಾಗಿ ತಿರುಗುತ್ತದೆ. ನಾನು ಭಾನುವಾರ ಬೆಳಗ್ಗೆ ಖಾಲಿ ಜಾಗದಲ್ಲಿ ಇದನ್ನೇ ಅಭ್ಯಾಸ ಮಾಡಿದೆ, ಆಮೇಲೆಯೇ ನಂದಿ ಬೆಟ್ಟದ ತಿರುವುಗಳಿಗೆ ಹೋಗಿದ್ದು. ಅಲ್ಲಿ ನಿಧಾನವಾಗಿ ಹೋದರೆ ಖುಷಿ, ಅವಸರ ಮಾಡಿದರೆ ಕೆರೆತದ ಸದ್ದು.

ಪಂಚರ್ ವಿಷಯದಲ್ಲಿ ಮಾತ್ರ ನನಗೆ ಹೊಟ್ಟೆಕಿಚ್ಚು. ಅದರದು ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಮೊಳೆ ಕಿತ್ತು, ಪ್ಲಗ್ ತುರುಕಿ, ಗಾಳಿ ತುಂಬಿದರೆ ಮುಗಿಯಿತು. ನನ್ನ ಕಡ್ಡಿ ಚಕ್ರಕ್ಕೆ ಟೈರ್ ಬಿಚ್ಚಿ ಟ್ಯೂಬ್ ಎಳೆಯಬೇಕು, ಅಂಗಡಿಯವನು ಗಾಡಿ ನೋಡಿದ ಕೂಡಲೇ ಮುಖ ಸಿಂಡರಿಸುತ್ತಾನೆ.

ಒಂದು ಎಚ್ಚರಿಕೆ, ವಾಪಸ್ ನಿಮ್ಮ ಹಳೇ ಗಾಡಿ ಹತ್ತುವಾಗಿನದು. ಹಲವು ದಿನ ಕ್ರೂಸರ್ ಓಡಿಸಿ ಎಕ್ಸ್‌ಪಲ್ಸ್ ಹತ್ತಿದಾಗ ನನ್ನ ಹಿಮ್ಮಡಿ ಇಲ್ಲದ ಲಿವರ್ ಹುಡುಕುತ್ತಿತ್ತು, ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ನೆಲ ಅಂದುಕೊಂಡದ್ದಕ್ಕಿಂತ ಕೆಳಗಿತ್ತು. ಮೊದಲ ಒಂದೆರಡು ಕಿಲೋಮೀಟರ್ ಊರೊಳಗಿನ ಖಾಲಿ ರಸ್ತೆಯಲ್ಲೇ ಓಡಿಸಿ, ಬ್ರೇಕ್ ಎಲ್ಲಿದೆ ಅಂತ ಕಾಲಿಗೆ ನೆನಪಾಗಲಿ, ಆಮೇಲೆ ಹೈವೇಗೆ ಹೋಗಿ. ಭಾವ ಬಂದು ಗಾಡಿ ಕೇಳಿದಾಗ ಕೊಟ್ಟೆ, ಆದರೆ ಬಾಗೇಪಲ್ಲಿ ಕಡೆ ಮದುವೆ ಇದ್ದರೆ ಮೊದಲ ಫೋನ್ ಅವರಿಗೇ.