ಏಪ್ರಿಲ್ ಬಿಸಿಲನ್ನು ನಂಬಿ ಟೊಮ್ಯಾಟೊ ನೆಡಬೇಡಿ

ಟೊರಾಂಟೊ ಕಡೆಗೆ ಹೊಸದಾಗಿ ಬಂದು, ಹಿತ್ತಲಿರುವ ಮನೆ ಸಿಕ್ಕಿದವರಿಗೆ ಈ ಮಾತು. ಏಪ್ರಿಲ್ ಕೊನೆಗೆ ಒಂದು ದಿನ ಇದ್ದಕ್ಕಿದ್ದಂತೆ 20 ಡಿಗ್ರಿ ಆಗಿಬಿಡುತ್ತದೆ. ಅಂಗಡಿ ಮುಂದೆ ಟೊಮ್ಯಾಟೊ ಸಸಿ ಸಾಲಾಗಿ ಇಟ್ಟಿರುತ್ತಾರೆ. ಕೈ ತಡೆಯುವುದಿಲ್ಲ. ಮೊದಲ ವರ್ಷ ನಾನೂ ಹನ್ನೆರಡು ಸಸಿ ತಂದು ನೆಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬೇಯಿಸಿ ಬಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಕಪ್ಪು.

ಇಲ್ಲಿ ಹಗಲಿನ ಬಿಸಿಲು ಲೆಕ್ಕಕ್ಕಿಲ್ಲ, ರಾತ್ರಿಯ ಚಳಿ ನೋಡಬೇಕು. ರಾತ್ರಿಯೂ 10 ಡಿಗ್ರಿ ಮೇಲೇ ನಿಲ್ಲುವ ತನಕ ಟೊಮ್ಯಾಟೊ, ಬದನೆ, ಮೆಣಸಿನ ಗಿಡ ಹೊರಗೆ ಬೇಡ. ಇಲ್ಲಿಯವರು ವಿಕ್ಟೋರಿಯಾ ಡೇ ರಜೆ ನೋಡಿಕೊಂಡು ನೆಡುತ್ತಾರೆ, ಅಂದರೆ ಮೇ 25ಕ್ಕೆ ಮುಂಚಿನ ಸೋಮವಾರ. ಊರಲ್ಲಿ ನಮ್ಮಜ್ಜಿ ಬಿತ್ತನೆಗೆ ರೋಹಿಣಿ ಮಳೆ ಕಾಯುತ್ತಿದ್ದರು. ಅದೂ ಹುಟ್ಟುವುದು ಮೇ 25ರ ಆಸುಪಾಸಿಗೇ. ನೆನಪಿಟ್ಟುಕೊಳ್ಳೋಕೆ ಸುಲಭ ಅಲ್ವಾ?

ಅಲ್ಲಿವರೆಗೆ ಸುಮ್ನೆ ಕೂರಬೇಕಿಲ್ಲ. ಮೂಲಂಗಿ, ಪಾಲಕ್, ಬಟಾಣಿ, ಮೆಂತ್ಯ, ಕೊತ್ತಂಬರಿ ಏಪ್ರಿಲ್ ಕೊನೆಗೇ ಹಾಕಬಹುದು. ಕೊತ್ತಂಬರಿಗಂತೂ ಈ ತಂಪೇ ಬೇಕು. ಜುಲೈ ಸೆಕೆಗೆ ಎಲೆ ಬಿಡದೆ ನೇರ ಹೂವಿಗೆ ಹೋಗುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಅಂಟಂಟಾಗಿ ಹಾಗೇ ಉಳಿದರೆ ಇನ್ನೂ ನಾಲ್ಕು ದಿನ ಕಾಯಿರಿ. ಬೆರಳು ತಾಗಿಸಿದರೆ ಉದುರುವಂತಿದ್ದರೆ ಬಿತ್ತಿ.

ಮನೆಯೊಳಗೆ ಬೆಳೆಸಿದ ಸಸಿಯನ್ನು ಸೀದಾ ಪಾತಿಗೆ ಇಳಿಸಬೇಡಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮಾರನೆಯ ದಿನ ಸ್ವಲ್ಪ ಜಾಸ್ತಿ, ಹೀಗೆ ಒಂದು ವಾರ, ಹತ್ತು ದಿನ ಪಳಗಿಸಿ. ಇಲ್ಲದಿದ್ದರೆ ಬಿಸಿಲಿಗೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ.

ನೆಟ್ಟ ಮೇಲೂ ಒಂದೆರಡು ರಾತ್ರಿ ಕಾಟ ಕೊಡುತ್ತವೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹುಷಾರು. ಫೋನಿನಲ್ಲಿ 2 ಡಿಗ್ರಿ ಅಂತ ತೋರಿಸಿದರೂ ಫ್ರಾಸ್ಟ್, ಅಂದರೆ ಎಲೆ ಮೇಲೆ ಹೆಪ್ಪುಗಟ್ಟುವ ಮಂಜು, ಬೀಳಬಹುದು. ಆ ಲೆಕ್ಕ ನೆಲದಿಂದ ನಾಲ್ಕೈದು ಅಡಿ ಮೇಲಿನದು, ನೆಲದ ಹತ್ತಿರ ಅದಕ್ಕಿಂತ ತಣ್ಣಗಿರುತ್ತದೆ. ಸಂಜೆಯೇ ಹಳೇ ಪಂಚೆಯನ್ನೋ ಬೆಡ್‌ಶೀಟನ್ನೋ ನೆಲ ಮುಟ್ಟುವಂತೆ ಹೊದಿಸಿ. ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆ ಚಳಿ ಸೀದಾ ಎಲೆಗೇ ಇಳಿಯುತ್ತದೆ, ಅದು ಬೇಡ.

ಇನ್ನು ಅವರೆ. ಎಲ್ಲರಿಗೂ ಅದರ ಆಸೆ. ನಾಟಿ ಅವರೆಗೆ ಹಗಲು ಗಿಡ್ಡ ಆದರೇನೇ ಹೂ. ನನ್ನ ಬೇಲಿ ತುಂಬ ಬಳ್ಳಿ ಹಬ್ಬಿತು, ಸೆಪ್ಟೆಂಬರಿನಲ್ಲಿ ಹೂ ಬಂತು, ಕಾಯಿ ಬಲಿಯುವ ಮುಂಚೆ ಅಕ್ಟೋಬರಿನ ಫ್ರಾಸ್ಟ್ ಹೊಡೆಯಿತು. ಹಿತಕಿದ ಬೇಳೆ ಸಾರಿಗೆ ಇಲ್ಲಿ ಫ್ರೀಜರ್ ಪ್ಯಾಕೆಟ್ಟೇ ಗತಿ. ಆ ಜಾಗಕ್ಕೆ ಹುರುಳಿಕಾಯಿ ಹಾಕಿ. ಜೂನ್ ಮೊದಲ ವಾರ ಬಿತ್ತಿದರೆ ಆಗಸ್ಟಿಗೆ ಪಲ್ಯಕ್ಕಾಗುತ್ತದೆ.